ಸೀಮೆಎಣ್ಣೆ ಬಾಯಿ

ನನ್ನ ಮೊಮ್ಮಗಳಿಗೆ ಈ ದಿನ ಬೆಳಿಗ್ಗೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಿದ್ದಾಯಿತು, ಹಾಲಿನವನಿಗೆ ಎರಡು ಸಲ ಹೇಳಿದ್ದಾಯಿತು, ಆದರೂ ಈ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಅದಕ್ಕೇ ಬರೆಯಲು ಕೂತೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಲಿ.

ಮಗು ಹುಟ್ಟಿದ ಕೂಡಲೇ ಅಳಲಿಲ್ಲವಂತೆ. ಮೊಮ್ಮಗಳ ಗಂಡ ಒಳಗೇ ಇದ್ದ, ಅವನೇ ಬಂದು ಹೇಳಿದ್ದು. ನರ್ಸಮ್ಮ ತೆಳ್ಳನೆಯ ಪೈಪೊಂದನ್ನು ಅದರ ಮೂಗಿಗೆ, ಬಾಯಿಗೆ ಇಟ್ಟು ಯಂತ್ರದಿಂದ ಎಳೆದರಂತೆ. ಗೊರಗೊರ ಅಂತ ಲೋಳೆ ಬಂದು, ಆಮೇಲೆ ಮಗು ಆಸ್ಪತ್ರೆಯೇ ಎದ್ದು ಕೂರುವ ಹಾಗೆ ಅತ್ತಿತಂತೆ. ಕೇಳಿದವರೆಲ್ಲ ಕಣ್ಣು ಒರೆಸಿಕೊಂಡರು. ನನಗೆ ಮಾತ್ರ ಹೊಟ್ಟೆ ತೊಳಸಿತು. ಇಂಥ ಸಂತೋಷದಲ್ಲಿ ಯಾರಿಗಾದರೂ ವಾಕರಿಕೆ ಬರುತ್ತದೆಯೇ? ನನಗೆ ಬಂತು. ಪೈಪಿನ ಮಾತು ಕಿವಿಗೆ ಬಿದ್ದದ್ದೇ, ಎರಡು ತುಟಿ ಕಣ್ಣ ಮುಂದೆ ಬಂದು ನಿಂತವು. ಕೆಳತುಟಿ ಎಲೆ ಅಡಿಕೆಗೆ ಕೆಂಪು. ಮೇಲ್ತುಟಿ ಸ್ಟೌವಿನ ಮಸಿಗೆ ಕಪ್ಪು. ಎರಡೂ ಸೇರುವ ಮೂಲೆಯಲ್ಲಿ ಯಾವಾಗಲೂ ಒಂದಿಷ್ಟು ನೊರೆ. ಅದು ನಮ್ಮ ಯಜಮಾನರ ಸೋದರಮಾವನ ಬಾಯಿ. ಅಂಥ ಹೇಸಿಗೆ ಬಾಯಿಯನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಹೋದದ್ದು ಐವತ್ತರ ದಶಕದ ಕೊನೆಯಲ್ಲಿ. ಶಿಡ್ಲಘಟ್ಟದಿಂದ ಎತ್ತಿನ ಗಾಡಿಯಲ್ಲಿ ಹೋಗಬೇಕಾದ ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ, ಎತ್ತು, ಎಮ್ಮೆ, ಎಲ್ಲ ಇತ್ತು. ಯಜಮಾನರ ತಂದೆ ತೀರಿಕೊಂಡಿದ್ದರು. ಮನೆ ನಡೆಸುತ್ತಿದ್ದವರು ಅತ್ತೆ. ಅತ್ತೆಯ ಒಬ್ಬನೇ ತಮ್ಮ ಈ ಮನುಷ್ಯ. ಮೊದಲು ಚಿಕ್ಕಬಳ್ಳಾಪುರದಲ್ಲಿ ಬಸ್ಸು ರಿಪೇರಿ ಮಾಡುವ ಕಡೆ ಕೆಲಸಕ್ಕಿದ್ದರಂತೆ. ಹೆಂಡತಿ ಸತ್ತ ಮೇಲೆ ಒಂದು ತಗಡಿನ ಟ್ರಂಕು ಹೊತ್ತುಕೊಂಡು ಅಕ್ಕನ ಮನೆಗೆ ಬಂದವರು ಅಲ್ಲೇ ಉಳಿದುಬಿಟ್ಟರು. ನಾನು ಅವರನ್ನು ಮಾವ ಎಂದೇ ಕರೆಯುತ್ತಿದ್ದೆ. ಕರೆಯುವಾಗ ಮುಖ ನೋಡುತ್ತಿರಲಿಲ್ಲ.

ನನ್ನ ತವರಿನಲ್ಲಿ ಎಂಜಲು ಅಂದರೆ ಬೆಂಕಿ ಇದ್ದ ಹಾಗೆ. ನಮ್ಮಪ್ಪ ಚೊಂಬನ್ನು ತುಟಿಗೆ ತಾಕಿಸದೆ, ಎತ್ತಿ ಹಿಡಿದು ನೀರು ಕುಡಿಯುತ್ತಿದ್ದರು. ಸಾರಿನ ರುಚಿ ನೋಡಬೇಕಾದರೆ ನಮ್ಮಮ್ಮ ಅಂಗೈಗೆ ಬಿಟ್ಟುಕೊಂಡು ನೋಡಿ, ಕೈ ತೊಳೆದು, ಆಮೇಲೆ ಸೌಟು ಮುಟ್ಟುವವಳು. ಅಲ್ಲಿಂದ ಬಂದವಳಿಗೆ ಈ ಮನುಷ್ಯನ ಜೊತೆ ಒಂದೇ ಸೂರಿನಡಿ ಬದುಕು.

ಮಾವ ರಿಪೇರಿ ಮಾಡುವುದೆಲ್ಲ ಬಾಯಿಯಿಂದ. ಗ್ಯಾಸ್‌ಲೈಟು ಬುಸ್ ಅಂದರೆ ಅದರ ಕೊಳವೆಗೆ ಬಾಯಿ ಹಾಕಿ ಎಳೆಯುತ್ತಿದ್ದರು, ಒಳಗಿನ ಮಸಿಯೆಲ್ಲ ನಾಲಗೆ ಮೇಲೆ. ಬ್ಯಾಟರಿ ಹತ್ತದಿದ್ದರೆ ಅದರ ಸೆಲ್ಲಿಗೆ ತಂತಿ ಸುತ್ತಿ ನಾಲಗೆಗೆ ಮುಟ್ಟಿಸಿ, 'ಇನ್ನೂ ಜೀವ ಐತೆ' ಅನ್ನುತ್ತಿದ್ದರು. ಸೀಮೆಎಣ್ಣೆ ತಂದರೆ ಬೆರಳದ್ದಿ ನೆಕ್ಕಿ, 'ನೀರು ಬೆರ್ಸವ್ನೆ ಕಳ್ಳ ನನ್ಮಗ' ಅಂತ ಹೇಳಬೇಕು. ಸ್ಟೌವಿನ ನಿಪ್ಲಿನ ತೂತು ಚುಚ್ಚುವ ಪಿನ್ನಿನಿಂದಲೇ ಹಲ್ಲು ಚುಚ್ಚಿಕೊಳ್ಳುವುದು, ಅದರಿಂದಲೇ ಕಿವಿ ಕೆರೆದುಕೊಳ್ಳುವುದು, ಒರೆಸದೆ ಅದನ್ನೇ ಮತ್ತೆ ಸ್ಟೌವಿಗೆ ಚುಚ್ಚುವುದು. ಅದೇ ಸ್ಟೌವಿನ ಮೇಲೆ ನಾನು ಹಾಲು ಕಾಯಿಸಬೇಕು. ಅದೇ ಬಾಯಿಯಿಂದ ಊಟಕ್ಕೆ ಕೂತು, ಮುದ್ದೆ ಸುಡುತ್ತದೆ ಎಂದು ಫೂ ಫೂ ಊದುವರು. ಸೀಮೆಎಣ್ಣೆಯ ನಾತ ಪಂಕ್ತಿಯ ಈ ತುದಿಗೆ ಬರುತ್ತಿತ್ತು.

ಏನಾದರೂ ಅಂದರೆ ಒಂದೇ ಮಾತು. "ಬಾಯಿಗಿಂತ ಒಳ್ಳೆ ಹತಾರ ಇಲ್ಲ ಕಣಮ್ಮ. ಎಲ್ಲೂ ಮರೆತು ಬರಲ್ಲ, ಯಾರೂ ಕೇಳ್ಕಂಡು ಹೋಗಲ್ಲ."

ಒಂದು ದಿನ ಮಂಚೇನಹಳ್ಳಿಯಿಂದ ನೆಂಟರು ಬಂದಿದ್ದರು. ಕಾಫಿಗೆ ಇಡೋಣವೆಂದರೆ ಸ್ಟೌ ಪಂಪು ಹೊಡೆದಷ್ಟೂ ಬುಸ್ ಅನ್ನುತ್ತದೆ, ಗಾಳಿ ನಿಲ್ಲದು. ಮಾವ ಬಂದು ಪಂಪಿನ ಕಡ್ಡಿ ಎಳೆದರು. ಅದರ ತುದಿಗೆ ಬಟ್ಟಲಿನ ಆಕಾರದ ಒಂದು ಚರ್ಮದ ವಾಷರ್ ಇರುತ್ತದೆ. ಅದು ಒಣಗಿ ಸೊಟ್ಟಗಾಗಿತ್ತು.

"ಕೊಬ್ರಿ ಎಣ್ಣೆ ಕೊಡ್ಲಾ ಮಾವ, ನೆನೆಹಾಕ್ತೀರಾ?" ಅಂದೆ.

ತಿರುಗಿ ನೋಡಿದರೆ ವಾಷರ್ ಆಗಲೇ ಅವರ ದವಡೆಯಲ್ಲಿತ್ತು. ಎಲೆ ಅಡಿಕೆ ಒಂದು ಕೆನ್ನೆಯಲ್ಲಿ, ಚರ್ಮ ಇನ್ನೊಂದು ಕೆನ್ನೆಯಲ್ಲಿ. ಎಮ್ಮೆ ಮೆಲುಕು ಹಾಕುವ ಹಾಗೆ ಅಗಿಯುತ್ತಾ ನಿಂತಿದ್ದರು.

"ಮಾವ, ಅದು ಚರ್ಮ ಅಲ್ವಾ?"

"ಚರ್ಮಾನೇ. ನಾಲ್ಗೆ ಏನು, ರೇಷ್ಮೇನಾ?"

ಅತ್ತೆ ಗೋಡೆಗೊರಗಿ ನಕ್ಕರು. "ನಮ್ ತಮ್ಮ ಚಿಕ್ಕೋನಿದ್ದಾಗ ಚಪ್ಲಿ ಬಾರೇ ಕಚ್ತಿದ್ದ ಕಣೇ, ಇದೆಂತಾದ್ದು" ಅಂದರು, ಅದೊಂದು ಹೆಚ್ಚುಗಾರಿಕೆಯ ಹಾಗೆ. ಮಾವ ಆ ನೆನೆದ ವಾಷರನ್ನು ಬಾಯಿಂದ ತೆಗೆದರು. ಅದರ ಹಿಂದೆ ಕೆಂಪನೆಯ ಒಂದು ಎಳೆ ತುಟಿಯಿಂದ ಕೈವರೆಗೂ ಜೋತು ಬಿತ್ತು. ಅದನ್ನು ಹೆಗಲ ಮೇಲಿನ ಪಂಚೆಗೆ ಒರೆಸಿ, ಕಡ್ಡಿ ಜೋಡಿಸಿ ಪಂಪು ಹೊಡೆದರು. ಸ್ಟೌ ಧುಮುಗುಟ್ಟಿತು. ನೆಂಟರು ಕಾಫಿ ಚೆನ್ನಾಗಿದೆ ಎಂದರು. ನಾನು ಕುಡಿಯಲಿಲ್ಲ. ಆ ಸ್ಟೌವಿನ ಕಾಫಿಯನ್ನು ಆಮೇಲೆ ಎಷ್ಟೋ ದಿನ ಕುಡಿಯಲಿಲ್ಲ.

ಊರಿನ ಮಕ್ಕಳಿಗೆ ಮಾತ್ರ ಅವರೆಂದರೆ ಪ್ರಾಣ. ಸಂತೆಯಿಂದ ಬರುವಾಗ ಜೇಬಲ್ಲಿ ಕಡಲೆಮಿಠಾಯಿ ಇರುತ್ತಿತ್ತು. ಅದನ್ನು ಹಂಚುವುದು ಕಾಗೆ ಎಂಜಲು ಮಾಡಿ. ಮಕ್ಕಳೆಲ್ಲ ಮಾಡುವುದು ಗೊತ್ತಲ್ಲ, ತಿಂಡಿಯ ಮೇಲೆ ಬಟ್ಟೆ ಮುಚ್ಚಿ ಕಚ್ಚಿ ತುಂಡು ಮಾಡಿದರೆ ಅದು ಎಂಜಲಲ್ಲ, ಕಾಗೆ ಎಂಜಲು, ಯಾರು ಬೇಕಾದರೂ ತಿನ್ನಬಹುದು. ಆದರೆ ಮಾವ ಮುಚ್ಚುತ್ತಿದ್ದ ಬಟ್ಟೆ ಯಾವುದು? ವಾಷರ್ ಒರೆಸಿದ ಪಂಚೆ. ಸ್ಟೌ ಒರೆಸಿದ ಪಂಚೆ. ಮೂಗು ಒರೆಸಿದ್ದೂ ಅದೇ. ಆ ಬಟ್ಟೆಗಿಂತ ಬರೀ ಹಲ್ಲೇ ಚೊಕ್ಕಟವಾಗಿತ್ತೋ ಏನೋ. ಮಕ್ಕಳು ಆ ತುಂಡುಗಳನ್ನು ಚೀಪುತ್ತಾ ಓಡುತ್ತಿದ್ದರೆ ನಾನು ಬಾಗಿಲ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದೆ.

ನನ್ನ ಮಗ ಹುಟ್ಟಿದ. ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದ ದಿನವೇ ಮಾವ ಕೈ ಚಾಚಿಕೊಂಡು ಓಡಿ ಬಂದರು, ಆ ತುಟಿಗಳನ್ನು ಮುಂದೆ ಮಾಡಿಕೊಂಡು. ನಾನು ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆ ಕಡೆಗೆ ತಿರುಗಿಬಿಟ್ಟೆ.

"ಎತ್ಕಳಿ ಮಾವ, ಆಡ್ಸಿ. ಮುತ್ತು ಮಾತ್ರ ಕೊಡ್ಬೇಡಿ. ನಿಮ್ ಬಾಯಿ ನನ್ ಮಗೀಗೆ ತಾಕಬಾರದು."

ಅತ್ತೆ ಒಳಗಿನಿಂದ ಬಂದು, "ಏನೇ ಅಂದೆ?" ಅಂದರು. ಮಾವ ಅವರ ಕಡೆ ಕೈ ಅಡ್ಡ ಹಿಡಿದರು.

"ಪರ್ವಾಲೇದು" ಅಂದರು. ಪರವಾಗಿಲ್ಲ ಅನ್ನುವುದನ್ನು ಅವರು ಯಾವಾಗಲೂ ತೆಲುಗಿನಲ್ಲೇ ಅನ್ನುವುದು. "ಪರ್ವಾಲೇದಕ್ಕ. ಅವಳ್ ಮಗ, ಅವಳ್ ಮಾತು."

ಅವತ್ತಿನಿಂದ ಅವರು ಮಗುವನ್ನು ದೂರದಿಂದಲೇ ಆಡಿಸುತ್ತಿದ್ದರು. ತೊಟ್ಟಿಲಿನಿಂದ ಮಾರುದ್ದ ಆಚೆ ಕೂತು ನಾಲಗೆಯನ್ನು ಅಂಗುಳಿಗೆ ತಾಗಿಸಿ ಟಕ್ ಟಕ್ ಅನ್ನಿಸುವರು. ಮಗು ಕೇಕೆ ಹಾಕುತ್ತಿತ್ತು. ಆ ಶಬ್ದ ಬರುವಾಗ ತುಟಿಯ ಮೂಲೆಯಿಂದ ಹನಿ ಹಾರುವುದನ್ನು ನಾನು ನೋಡುತ್ತಲೇ ಇರುತ್ತಿದ್ದೆ, ಎಲ್ಲಿಯವರೆಗೆ ಹಾರುತ್ತದೆ ಎಂದು.

ಮಗುವಿಗೆ ನಾಲ್ಕೋ ಐದೋ ತಿಂಗಳಾಗಿದ್ದಾಗ ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಎಂದು ತವರಿನಿಂದ ಹೇಳಿ ಕಳುಹಿಸಿದರು. ನನ್ನ ತವರು ಚಿಂತಾಮಣಿ ಹತ್ತಿರ, ಅಂಬಾಜಿದುರ್ಗದ ಬೆಟ್ಟದ ಕೆಳಗೆ. ಮಗುವಿಗೆ ನೆಗಡಿಯಾಗಿತ್ತು, ಮೂಗು ಸೊರಸೊರ ಅನ್ನುತ್ತಿತ್ತು. ಹಾಗಂತ ಹೋಗದಿರುವ ಹಾಗಿಲ್ಲ, ತಂಗಿಗೆ ಸೀರೆ ಉಡಿಸುವವಳು ನಾನೇ. ಜೊತೆಗೆ ಬರುವವರು ಯಾರು? ಹುಳು ಹಣ್ಣಾಗಿದ್ದ ಸಮಯ. ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡಬೇಕು. ಯಜಮಾನರು, ಅತ್ತೆ, ಆಳುಗಳು, ಯಾರೂ ತಲೆ ಎತ್ತುವ ಹಾಗಿಲ್ಲ. ಆ ಮನೆಯಲ್ಲಿ ಬಿಡುವಾಗಿದ್ದವರು ಒಬ್ಬರೇ. ಮಾವನನ್ನು ಹುಳು ಮನೆಯ ಹೊಸಲು ತುಳಿಯಲು ಬಿಡುತ್ತಿರಲಿಲ್ಲ. ಹೊಗೆಸೊಪ್ಪು, ಸೀಮೆಎಣ್ಣೆ, ಎರಡರ ನಾತಕ್ಕೂ ರೇಷ್ಮೆ ಹುಳು ಸಾಯುತ್ತದೆ. ಹುಳುವಿಗೇ ಆಗದ ಬಾಯಿಯನ್ನು ನನ್ನ ಜೊತೆಗೆ ಕಳುಹಿಸಿದರು.

ಶಿಡ್ಲಘಟ್ಟದಲ್ಲಿ ಚಿಕ್ಕ ರೈಲು ಹತ್ತಿದೆವು. ಆಗ ಆ ಕಡೆಗೆಲ್ಲ ಓಡುತ್ತಿದ್ದುದು ಅದೇ, ಆಟದ ಸಾಮಾನಿನಂಥ ಡಬ್ಬಿಗಳು. ನಾನು ಕಿಟಕಿ ಪಕ್ಕ ಕೂತೆ. ಮಾವ ಎದುರು ಬೆಂಚಿನ ಆ ತುದಿಗೆ ಹೋಗಿ ಕೂತರು. ನಾನು ಹೇಳದೇ ಹೋದರು. ನನ್ನ ಪಕ್ಕ ಕಡಲೆಕಾಯಿ ಬುಟ್ಟಿ ಇಟ್ಟುಕೊಂಡ ಒಬ್ಬಳು ಮುದುಕಿ ಇದ್ದಳು. ರೈಲು ಹೊರಟಿತು, ಕಲ್ಲಿದ್ದಲ ಹೊಗೆ ಒಳಗೆ ಬಂತು, ಮಗು ಕೆಮ್ಮತೊಡಗಿತು. ಸುಮ್ಮನಾಗಲಿ ಎಂದು ಹಾಲಿಗೆ ಹಾಕಿಕೊಂಡೆ. ಮೂಗು ಕಟ್ಟಿದ ಮಗು, ಬಾಯಿ ತುಂಬ ಹಾಲು, ಉಸಿರಿಗೆ ದಾರಿಯೇ ಇಲ್ಲ. ಒಂದು ಸಲ ಕೆಮ್ಮಿತು. ಹಾಲು ಮೂಗಿಗೆ ಹತ್ತಿತು. ಆಮೇಲೆ ಕೆಮ್ಮೂ ಇಲ್ಲ, ಅಳುವೂ ಇಲ್ಲ. ಬಾಯಿ ತೆರೆದೇ ಇದೆ, ಶಬ್ದ ಬರುತ್ತಿಲ್ಲ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು.

"ಬೋರ್ಲು ಹಾಕಮ್ಮ, ಬೆನ್ ತಟ್ಟು" ಅಂದಳು ಮುದುಕಿ. ತಟ್ಟಿದೆ. ಸೆರಗಿನ ತುದಿಯನ್ನು ಬತ್ತಿ ಹೊಸೆದು ಮೂಗಿಗೆ ಹಾಕಿದೆ. ಅಂಟು ಇನ್ನೂ ಒಳಗೆ ಹೋಯಿತು. ನನ್ನ ಗಂಟಲಿಂದ ಯಾವ ಶಬ್ದ ಬಂತೋ ಗೊತ್ತಿಲ್ಲ.

ಮಾವ ಎದ್ದು ಬಂದರು. ಬಾಯಲ್ಲಿದ್ದುದನ್ನು ಕಿಟಕಿಯಾಚೆ ಉಗಿದು, ನನ್ನ ಚೊಂಬಿನ ನೀರಲ್ಲಿ ಬಾಯಿ ಮುಕ್ಕಳಿಸಿ, ಮತ್ತೆ ಮುಕ್ಕಳಿಸಿ ಕೈ ಚಾಚಿದರು.

"ತೊಳ್ಕಂಡಿದೀನಿ ಕಣಮ್ಮ. ಕೊಡು."

ಕೊಟ್ಟೆ. ಅವರು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹೆಗಲ ಪಂಚೆಯ ತುದಿ ಎಳೆದು ಅದರ ಮುಖದ ಮೇಲೆ ಮುಚ್ಚಿದರು. ನನಗೆ ಅರ್ಥವಾಗಲಿಲ್ಲ.

"ಏನ್ ಮಾಡ್ತಿದೀರಿ ಮಾವ?"

"ಕಾಗೆ ಎಂಜ್ಲು ಮಾಡ್ತೀನಿ. ನೀನೇ ಹೇಳಿದೀಯಲ್ಲ, ಬಾಯಿ ತಾಕಬಾರದು ಅಂತ."

ಬಟ್ಟೆಯ ಮೇಲಿಂದ ಬಾಯಿ ಇಟ್ಟು ಎಳೆದರು. ಬಟ್ಟೆಯೇ ಅವರ ಬಾಯೊಳಗೆ ಹೋಯಿತು. ಇನ್ನೊಂದು ಸಲ ಎಳೆದರು. ಮಗುವಿನ ಕೈ ಜೋತು ಬಿದ್ದಿತ್ತು. ಆ ಪಂಚೆಯನ್ನು ಕಿತ್ತು ಎಸೆದದ್ದು ನಾನೇ.

"ಬಟ್ಟೆ ಬೇಡ ಮಾವ" ಅಂದೆ. "ಹಾಗೇ ಎಳೀರಿ."

ಎಳೆದರು. ಆ ಕೆಂಪು ತುಟಿ, ಕಪ್ಪು ತುಟಿ, ಎರಡೂ ನನ್ನ ಮಗನ ಪುಟ್ಟ ಮೂಗು ಬಾಯಿ ಎರಡನ್ನೂ ಮುಚ್ಚಿಬಿಟ್ಟವು. ಗ್ಯಾಸ್‌ಲೈಟಿನ ಕೊಳವೆಯನ್ನು ಎಳೆಯುವಾಗ ಬರುವ ಅದೇ ಶಬ್ದ. ಕೆನ್ನೆ ಒಳಗೆ ಹೋಯಿತು. ಕಿಟಕಿಯಾಚೆ ಉಗಿದರು. ಹಳದಿ, ಹಸಿರು, ಹಾಲು, ಎಲ್ಲ ಸೇರಿದ ಒಂದು ಮುದ್ದೆ. ಮುದುಕಿ ಮುಖ ಕಿವುಚಿ ತಿರುಗಿ ಕೂತಳು. ಮತ್ತೆ ಎಳೆದರು, ಮತ್ತೆ ಉಗಿದರು. ಗೊರ್ ಎಂದಿತು. ಮಗು ಒಂದು ಉಸಿರು ತೆಗೆದುಕೊಂಡಿತು. ಅದನ್ನು ಬಿಡುವಾಗ ಅತ್ತಿತು. ರೈಲಿನ ಸದ್ದಿಗಿಂತ ಜೋರಾಗಿ ಅತ್ತಿತು.

ಮಾವ ಮೀಸೆ ಒರೆಸಿಕೊಂಡರು. ಮೀಸೆಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. "ನಿಪ್ಲು ಕಟ್ಕಂಡಿತ್ತು ಕಣಮ್ಮ, ಅಷ್ಟೇಯ. ಈಗ ಹತ್ಕಂತು" ಅಂದು ಮಗುವನ್ನು ನನ್ನ ಮಡಿಲಿಗೆ ಇಟ್ಟು, ಮತ್ತೆ ಎದುರು ಬೆಂಚಿನ ಆ ತುದಿಗೆ ಹೋಗಿ ಕೂತರು. ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದರು.

ಚಿಂತಾಮಣಿಯಲ್ಲಿ ಇಳಿದವಳೇ ನಾನು ಸ್ಟೇಷನ್ನಿನ ಹಿಂದಿನ ಹುಣಸೆಮರದ ಕೆಳಗೆ ಹೋಗಿ ವಾಂತಿ ಮಾಡಿದೆ. ಮಗು ಬದುಕಿದ ಸಂತೋಷ ಹೊಟ್ಟೆಯಲ್ಲೇ ಇತ್ತು, ಆದರೂ ವಾಂತಿ ಬಂತು. ಮಾವ ಮಗುವನ್ನು ಎತ್ತಿಕೊಂಡು ದೂರ ನಿಂತು ಟಕ್ ಟಕ್ ಅನ್ನಿಸುತ್ತಿದ್ದರು. ಮನೆ ತಲುಪಿದಾಗ ನಮ್ಮಮ್ಮ ಮೊಮ್ಮಗನ ಕೆನ್ನೆ ಮೂಸಿ, "ಇದೇನೇ, ಕೂಸು ಸೀಮೆಎಣ್ಣೆ ನಾತ ಹೊಡೀತೈತೆ?" ಎಂದು ಕೇಳಿದಳು. ನಾನು ಹೇಳಿದೆ. ಎಂಜಲಿಗೆ ಅಷ್ಟು ಹೇಸುವ ನಮ್ಮಮ್ಮ ಜಗಲಿಗೆ ಹೋಗಿ, ಮಾವನ ಮುಂದೆ ಎಲೆ ಹಾಕಿ, ತಾನೇ ಬಡಿಸಿದಳು. ಆಮೇಲೆ ಮಾವ ಉಂಡ ಜಾಗಕ್ಕೆ ಸಗಣಿ ಹಾಕಿ ಎರಡು ಸಲ ಸಾರಿಸಿದಳು. ನನಗೆ ಎರಡೂ ಸರಿ ಅನ್ನಿಸಿತು.

ಇಷ್ಟೆಲ್ಲ ಆದ ಮೇಲೆ ಆ ಬಾಯಿ ನನಗೆ ಇಷ್ಟವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವರು ಮರುದಿನವೇ ಪಿನ್ನಿನಿಂದ ಕಿವಿ ಕೆರೆದುಕೊಂಡರು, ನನಗೆ ಮರುದಿನವೇ ಮೈ ಮುಳ್ಳೆದ್ದಿತು. ಬದಲಾದದ್ದು ಒಂದೇ. ಮಗುವಿಗೆ ಮುತ್ತು ಕೊಡಿ ಮಾವ ಅಂದೆ. ಅವರು ಕೊಡಲಿಲ್ಲ. "ರಿಪೇರಿ ಮಾಡಿದ್ದನ್ನ ಸುಮ್ಸುಮ್ನೆ ಮುಟ್ಬಾರ್ದು ಕಣಮ್ಮ" ಅಂದು ಟಕ್ ಟಕ್ ಅನ್ನಿಸಿದರು.

ಕೊನೆಗೆ ಆ ಬಾಯಿಯೇ ಅವರನ್ನು ತಿಂದಿತು. ಮಗ ಶಾಲೆಗೆ ಹೋಗುವ ಕಾಲಕ್ಕೆ, ಹೊಗೆಸೊಪ್ಪು ಇಡುತ್ತಿದ್ದ ಕೆನ್ನೆಯೊಳಗೆ ಹುಣ್ಣಾಯಿತು, ಹುಣ್ಣು ಹೊರಗೆ ಬಂತು. ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆವು, ಬೆಂಗಳೂರಿಗೂ ಹೋಗಿ ಬಂದೆವು. ಮನೆಯಲ್ಲೇ ನೋಡಿಕೊಳ್ಳಿ ಅಂದರು. ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ನೋಡಿಕೊಂಡವಳು ನಾನು. ಆ ನಾತವನ್ನು ನಾನು ಬರೆಯಲಾರೆ. ಸೀಮೆಎಣ್ಣೆಯ ನಾತವೇ ವಾಸಿಯಾಗಿತ್ತು ಅನ್ನಿಸುವಂಥದ್ದು. ಮೂಗಿಗೆ ಸೆರಗು ಕಟ್ಟಿಕೊಂಡು ಹುಣ್ಣು ತೊಳೆದೆ, ಉಗುಳಿದ ಬಟ್ಟಲು ತೊಳೆದೆ, ಹಿತ್ತಿಲಿಗೆ ಹೋಗಿ ವಾಕರಿಸಿ ಬಂದು ಮತ್ತೆ ಕೂತೆ. ನನಗೆ ಹೇಸಿಗೆಯಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ನಾನು ಮುಚ್ಚಿಡಲೂ ಇಲ್ಲ.

ಒಂದು ಮಧ್ಯಾಹ್ನ ಗಂಜಿ ಬಿಸಿ ಇತ್ತು. ಚಮಚದಲ್ಲಿ ತೆಗೆದು ಊದಿ ಆರಿಸಿ ಕುಡಿಸುತ್ತಿದ್ದೆ. ಅವರ ಕಣ್ಣಲ್ಲಿ ನಗು ಬಂತು. ಮಾತು ಅಷ್ಟರಲ್ಲಾಗಲೇ ತೊದಲುತ್ತಿತ್ತು.

"ನಿನ್ನೆಂಜ್ಲು ತಿನ್ನಿಸ್ತಿದೀಯ."

"ಪರ್ವಾಲೇದು ಮಾವ" ಅಂದೆ.

ಸ್ವಲ್ಪ ಹೊತ್ತು ಎದೆ ಏರಿಳಿಯಿತು. "ವಾಷರ್ ಹೋಯ್ತು ಕಣಮ್ಮ. ಎಷ್ಟ್ ಪಂಪ್ ಹೊಡುದ್ರೂ ಗಾಳಿ ನಿಲ್ಲಲ್ಲ." ಶಾಲೆಯಿಂದ ಬಂದ ಮಗ ಬಾಗಿಲಲ್ಲಿ ನಿಂತಿದ್ದ. ಅವನನ್ನು ನೋಡಿ ನಾಲಗೆ ಆಡಿಸಲು ನೋಡಿದರು. ಶಬ್ದ ಬರಲಿಲ್ಲ. ಮಗನೇ ಹೊಸಲ ಆಚೆಯಿಂದ ಟಕ್ ಟಕ್ ಅನ್ನಿಸಿದ. ಆ ವಾರದಲ್ಲೇ ಹೋದರು.

ಆ ಮಗನೇ ಈ ದಿನ ತಾತನಾದದ್ದು. ಅವನ ಮಗಳಿಗೇ ಹೆಣ್ಣು ಕೂಸು ಹುಟ್ಟಿದ್ದು. ಅವನ ಮೂಗು ಅವತ್ತು ಹಾಗೇ ಕಟ್ಟಿಕೊಂಡಿದ್ದರೆ ಇವತ್ತು ಹಿಡಿಸಲಾರದ ಈ ಸಂತೋಷ ಎಲ್ಲಿರುತ್ತಿತ್ತು? ಹೇಸಿಗೆ ಹೋಗಿಲ್ಲ, ಋಣವೂ ಹೋಗಿಲ್ಲ. ಎರಡೂ ಒಂದೇ ಹೊಟ್ಟೆಯಲ್ಲಿವೆ.

ಬರೆಯುವುದನ್ನು ಇಲ್ಲಿಗೆ ಬಿಟ್ಟು ಊಟಕ್ಕೆ ಎದ್ದಿದ್ದೆ, ಉಂಡು ಬಂದು ಇದಿಷ್ಟು ಸೇರಿಸುತ್ತಿದ್ದೇನೆ. ಸಂಜೆ ಆಸ್ಪತ್ರೆಯಿಂದ ಬಂದವರೆಲ್ಲ ನಡುಮನೆಯಲ್ಲಿ ಸಾಲಾಗಿ ಕೂತಿದ್ದರು. ಸೊಸೆ ಅವರೆಕಾಳು ಸಾರು, ಮುದ್ದೆ ಮಾಡಿದ್ದಳು, ಹೆಚ್ಚಿಗೆ ಒಬ್ಬಟ್ಟು. ನೆರೆಮನೆಯವರಿಗೆಲ್ಲ ಕೊಟ್ಟು ಕೊಟ್ಟು, ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಒಂದೇ ಒಬ್ಬಟ್ಟು. ಮಗ ಅದನ್ನು ಎತ್ತಿಕೊಂಡು ನನ್ನ ಕಡೆ ನೋಡಿದ. ತಲೆ ಎಲ್ಲ ನರೆತಿದೆ, ತುಂಟತನ ಹೋಗಿಲ್ಲ. ಆ ರೈಲಿನ ಕಥೆಯನ್ನು ಅವನು ಎಷ್ಟು ಸಲ ಕೇಳಿದ್ದಾನೋ.

"ಕಾಗೆ ಎಂಜಲು ಮಾಡ್ಲೇನಮ್ಮ?" ಅಂದು ಹೆಗಲ ಮೇಲಿನ ಟವಲಿಗೆ ಕೈ ಹಾಕಿದ. ಬೆಳಿಗ್ಗೆಯಿಂದ ಬೆವರು ಒರೆಸಿದ ಟವಲು.

"ಬಟ್ಟೆ ಬೇಡ ಕಣಪ್ಪ" ಅಂದೆ.

ಅವನು ಕಚ್ಚಿ ಅರ್ಧ ಮಾಡಿ ಕೊಟ್ಟ. ಅಂಚೆಲ್ಲ ಅವನ ಎಂಜಲಿಗೆ ಒದ್ದೆಯಾಗಿತ್ತು. ಹೊಟ್ಟೆ ತೊಳಸಿತು. ತಿಂದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಾ ನಗುತ್ತಿದ್ದರು, ಸೊಸೆ ನನ್ನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು.